ಉಪ್ಪು-ಸಕ್ಕರೆಯ ನೀರು: ಒಂದು ಔಷಧದ ಇತಿಹಾಸ

ಮನುಷ್ಯನ ಜ್ಞಾನದ ಚರಿತ್ರೆಯಲ್ಲಿ ಎರಡು ಬಗೆಯ ಸಾಧನೆಗಳು ಕಂಡುಬರುತ್ತವೆ. ಅರಿಯದುದನ್ನು ಅರಿಯುವುದು ಒಂದು. ಅರಿತುದನ್ನು ಎಲ್ಲರ ಕೈಗೆ ಮುಟ್ಟಿಸುವುದು ಮತ್ತೊಂದು. ಮೊದಲನೆಯದನ್ನು ಲೋಕವು ಕೊಂಡಾಡುತ್ತದೆ; ಎರಡನೆಯದು ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯುತ್ತದೆ. ಹನ್ನೆರಡನೆಯ ಶತಮಾನದ ಶಿವಶರಣರ ಹಿರಿಮೆಯನ್ನು ಬಲ್ಲ ನಮ್ಮ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಡಿತರ ಸೊತ್ತಾಗಿದ್ದ ತತ್ತ್ವವಿಚಾರವನ್ನು ಅವರು ಕನ್ನಡದ ಆಡುನುಡಿಗೆ ತಂದರು. ಮಡಿವಾಳ, ಅಂಬಿಗ, ಮಾದಾರರೆಂಬ ಭೇದವಿಲ್ಲದೆ ಸಕಲ ಕಾಯಕದವರೂ ಅದನ್ನು ಕೈಯಾರೆ ಹಿಡಿಯುವಂತೆ ಮಾಡಿದರು. ಆ ಶರಣಗಣದಲ್ಲಿ ವೈದ್ಯ ಸಂಗಣ್ಣನೂ ಒಬ್ಬನಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಅವನ ಕಾಯಕದ ಕ್ಷೇತ್ರವಾದ ವೈದ್ಯದಲ್ಲಿಯೂ ಇಂಥದೇ ಒಂದು ಹಸ್ತಾಂತರವು ನಮ್ಮ ಕಾಲದಲ್ಲಿ ನಡೆದಿದೆ.

ವಾಂತಿಭೇದಿಯಿಂದ ಸಾಯುವವರನ್ನು ಉಳಿಸಲು ಬೇಕಾದುದು ಹದವರಿತು ಬೆರೆಸಿದ ಉಪ್ಪು, ಸಕ್ಕರೆ ಮತ್ತು ನೀರು. ಈ ಮೂರೂ ಯಾವ ಕಾಲದಲ್ಲಿಯೂ ಮನುಷ್ಯನಿಗೆ ದುರ್ಲಭವಾಗಿರಲಿಲ್ಲ. ಆದರೂ ಇವು ಒಂದು ಔಷಧವೆನಿಸಿಕೊಂಡು ರೋಗಿಯ ತುಟಿಯನ್ನು ಮುಟ್ಟಲು ಒಂದೂವರೆ ಶತಮಾನವೇ ಹಿಡಿಯಿತು. ಈ ವಿಳಂಬಕ್ಕೆ ಅರ್ಧ ಕಾರಣ ಅಜ್ಞಾನ. ಉಳಿದರ್ಧ ಕಾರಣ ಅಪನಂಬಿಕೆ. ಸುಲಭವಾದುದು ಶ್ರೇಷ್ಠವಾಗಿರಲಾರದೆಂಬ ಭಾವನೆಯೂ, ಓದು ಬರಹವಿಲ್ಲದವರ ಕೈಗೆ ಔಷಧವನ್ನು ಒಪ್ಪಿಸಬಾರದೆಂಬ ಭಾವನೆಯೂ ವಿದ್ವಾಂಸರ ಮನಸ್ಸಿನಲ್ಲಿ ಬೇರೂರಿದ್ದವು. ಈ ಅಪನಂಬಿಕೆಯು ಕರಗುತ್ತ ಬಂದ ಬಗೆಯನ್ನೂ, ಅದು ಇನ್ನೂ ಎಲ್ಲಿ ಉಳಿದಿದೆಯೆಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮಾರಿಯ ಸಂಚಾರ

ನಮ್ಮ ಹಿರಿಯರು ವಾಂತಿಭ್ರಾಂತಿಯೆಂದು ಕರೆಯುತ್ತಿದ್ದ ಕಾಲರಾ ರೋಗವು ಗಂಗಾನದಿಯ ಮುಖಜಭೂಮಿಯಲ್ಲಿ ಬಹುಕಾಲದಿಂದ ನೆಲೆಸಿದ್ದಿತು. 1817ರಲ್ಲಿ ಅದು ಬಂಗಾಳದ ಜೆಸ್ಸೋರ್ ಪ್ರಾಂತದಿಂದ ಹೊರಟು ವ್ಯಾಪಾರದ ಹಡಗುಗಳನ್ನೂ ಸೈನ್ಯದ ದಾರಿಗಳನ್ನೂ ಹಿಡಿದು ದೇಶದೇಶಗಳನ್ನು ಸುತ್ತತೊಡಗಿತು. 1831ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರನ್ನು ಮುಟ್ಟಿತು. ಬೆಳಿಗ್ಗೆ ಆರೋಗ್ಯವಾಗಿದ್ದವನು ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ಮೈ ನೀಲಿಗಟ್ಟಿ ಸಾಯುತ್ತಿದ್ದನು. ಯೂರೋಪಿನ ವೈದ್ಯರು ಇದಕ್ಕೆ ರಕ್ತ ತೆಗೆಯುವುದನ್ನೂ, ಪಾದರಸದ ಔಷಧಗಳಿಂದ ಭೇದಿ ಮಾಡಿಸುವುದನ್ನೂ ಚಿಕಿತ್ಸೆಯೆಂದು ಬಗೆದರು. ನೀರಿಲ್ಲದೆ ಸಾಯುತ್ತಿದ್ದವನ ಮೈಯಿಂದ ಇನ್ನಷ್ಟು ದ್ರವವನ್ನು ಹೊರತೆಗೆಯುವ ಈ ಕ್ರಮವು ಎಷ್ಟು ಜೀವಗಳನ್ನು ತೆಗೆದುಕೊಂಡಿತೋ ಹೇಳಲಾಗದು.

ಇಂಥ ಕತ್ತಲೆಯಲ್ಲಿ ಮೊದಲ ಬೆಳಕನ್ನು ತೋರಿದವನು ಐರ್ಲೆಂಡಿನ ವಿಲಿಯಂ ಬ್ರೂಕ್ ಓ'ಶಾನೆಸ್ಸಿ ಎಂಬ ತರುಣ. ಅವನಿಗೆ ಆಗ ಇಪ್ಪತ್ತೆರಡರ ಪ್ರಾಯ. ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಬಹಳವಾಗಿ ಕುಂದಿವೆಯೆಂದೂ, ಅವೇ ವಸ್ತುಗಳು ರೋಗಿಯ ಮಲದಲ್ಲಿ ಕಾಣಿಸಿಕೊಳ್ಳುತ್ತವೆಯೆಂದೂ ಅವನು ತೋರಿಸಿಕೊಟ್ಟನು. ಕಳೆದುಹೋದುದನ್ನು ಹಿಂದಿರುಗಿ ಕೊಡುವುದೇ ಚಿಕಿತ್ಸೆಯೆಂಬ ಸೂತ್ರವು ಇದರಿಂದ ಹೊರಟಿತು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟನು ಈ ಸೂತ್ರವನ್ನು ಕಾರ್ಯಕ್ಕೆ ತಂದನು. ನಾಡಿಯೇ ಸಿಗದಂತಾಗಿದ್ದ ಒಬ್ಬ ವೃದ್ಧೆಯ ರಕ್ತನಾಳಕ್ಕೆ ಅವನು ಲವಣದ್ರಾವಣವನ್ನು ಹನಿಸಿದಾಗ ಅರ್ಧ ಗಂಟೆಯಲ್ಲಿ ಅವಳು ಚೇತರಿಸಿಕೊಂಡು ಮಾತನಾಡಿದಳು. ಅವಳು ಗುಣವಾದಳೆಂದು ಬಗೆದು ಲಾಟನು ವಿಶ್ರಾಂತಿಗೆ ತೆರಳಿದನು. ವಾಂತಿಭೇದಿಗಳು ಮತ್ತೆ ಮರುಕಳಿಸಿದುವು. ದ್ರಾವಣವನ್ನು ಯಾರೂ ಮುಂದುವರಿಸಲಿಲ್ಲ. ಕೆಲವೇ ಗಂಟೆಗಳಲ್ಲಿ ಅವಳು ತೀರಿಕೊಂಡಳು.

ಈ ಸಾವಿನಲ್ಲಿ ಮುಂದಿನ ಕಥೆಯ ತಿರುಳೆಲ್ಲ ಅಡಗಿದೆ. ಕಳೆದುಹೋಗುತ್ತಿರುವುದನ್ನು ಒಮ್ಮೆ ತುಂಬಿದರೆ ಸಾಲದು. ಹೋಗುತ್ತಿರುವಷ್ಟು ಹೊತ್ತೂ ತುಂಬುತ್ತಲೇ ಇರಬೇಕು. ಅಷ್ಟು ಹೊತ್ತು ರೋಗಿಯ ಬಳಿಯಲ್ಲಿ ಕುಳಿತಿರಬಲ್ಲವರು ಯಾರು? ವೈದ್ಯನಂತೂ ಅಲ್ಲ. ಈ ಪ್ರಶ್ನೆಗೆ ಉತ್ತರವು ದೊರೆತದ್ದು ಬಹಳ ತಡವಾಗಿ. ಲಾಟನು 1833ರಲ್ಲಿ ಮರಣಹೊಂದಿದನು. ಓ'ಶಾನೆಸ್ಸಿಯು ಅದೇ ವರ್ಷ ಕಲ್ಕತ್ತೆಗೆ ಬಂದು, ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾಗಿ, ಮುಂದೆ ಭಾರತದಲ್ಲಿ ತಂತಿವಾರ್ತೆಯ ವ್ಯವಸ್ಥೆಯನ್ನು ಕಟ್ಟುವುದರಲ್ಲಿ ತೊಡಗಿದನು. ಅವರ ಸೂತ್ರವು ಸುಮಾರು ಎಪ್ಪತ್ತು ವರ್ಷಗಳ ಕಾಲ ಮೂಲೆಗೆ ಬಿದ್ದಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಲಿಯೊನಾರ್ಡ್ ರೋಜರ್ಸ್ ಎಂಬ ವೈದ್ಯನು ಕಲ್ಕತ್ತೆಯ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಲವಣದ್ರಾವಣವನ್ನು ಕೊಡುವ ಪದ್ಧತಿಯನ್ನು ಸುಧಾರಿಸಿ ಬಳಕೆಗೆ ತಂದಾಗ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುವು. ಆದರೆ ಸೂಜಿ, ಶುದ್ಧೀಕರಿಸಿದ ದ್ರಾವಣ, ನುರಿತ ವೈದ್ಯ ಇವು ದೊಡ್ಡ ಪಟ್ಟಣಗಳಲ್ಲಿ ಮಾತ್ರ ದೊರೆಯುತ್ತಿದ್ದುವು. ಕಾಲರಾ ಬರುತ್ತಿದ್ದುದಾದರೋ ಹಳ್ಳಿಗಳಿಗೆ.

ಕರುಳಿನ ರಹಸ್ಯ

ಬಾಯಿಯ ಮೂಲಕವೇ ನೀರನ್ನು ಏಕೆ ಕೊಡಬಾರದು ಎಂಬ ಶಂಕೆ ಸಹಜವಾದುದು. ಇದಕ್ಕೆ ಅಂದಿನ ವೈದ್ಯರ ಬಳಿ ಸಿದ್ಧವಾದ ಉತ್ತರವಿದ್ದಿತು. ಕಾಲರಾದಲ್ಲಿ ಕರುಳಿನ ಒಳಪೊರೆಯೇ ಕಿತ್ತುಹೋಗುತ್ತದೆ. ಆದ್ದರಿಂದ ಕುಡಿದ ನೀರು ಮೈಗೆ ಹತ್ತುವುದಿಲ್ಲ. ಕರುಳಿಗೆ ವಿಶ್ರಾಂತಿ ಕೊಡುವುದೇ ಲೇಸು ಎಂದು ಅವರು ನಂಬಿದ್ದರು. ಬರಿಯ ನೀರನ್ನು ಕುಡಿಸಿದಾಗ ಭೇದಿಯು ನಿಲ್ಲದೆ ಇದ್ದುದೂ ಈ ನಂಬಿಕೆಗೆ ಪುಷ್ಟಿಯನ್ನು ಕೊಟ್ಟಿತು.

ಈ ನಂಬಿಕೆಯ ಬುಡವನ್ನು ಅಲುಗಿಸಿದವರಲ್ಲಿ ಕಲ್ಕತ್ತೆಯ ಡಾ|| ಶಂಭುನಾಥ ಡೇ ಅವರು ಮುಖ್ಯರು. ರಾಬರ್ಟ್ ಕಾಕನು 1884ರಲ್ಲಿ ಕಲ್ಕತ್ತೆಯಲ್ಲಿಯೇ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಗುರುತಿಸಿದ್ದನಷ್ಟೆ. ಆದರೆ ಆ ಅಣುವು ಹೇಗೆ ಕೊಲ್ಲುತ್ತದೆಂಬುದು ತಿಳಿಯದೆ ಉಳಿದಿದ್ದಿತು. ಮೊಲದ ಕರುಳಿನ ಒಂದು ತುಂಡನ್ನು ಎರಡು ಕಡೆ ಕಟ್ಟಿ ರೋಗಾಣುವನ್ನು ಅದರೊಳಗೆ ಸೇರಿಸುವ ಸರಳವಾದ ಪ್ರಯೋಗವನ್ನು ಡೇ ಅವರು 1953ರಲ್ಲಿ ಪ್ರಕಟಿಸಿದರು. 1959ರಲ್ಲಿ, ರೋಗಾಣುಗಳನ್ನು ಸೋಸಿ ತೆಗೆದ ದ್ರವವೊಂದೇ ಕರುಳಿನಲ್ಲಿ ನೀರನ್ನು ಉಕ್ಕಿಸುತ್ತದೆಂದು ತೋರಿಸಿದರು. ಕೊಲ್ಲುವುದು ಒಂದು ವಿಷದ್ರವ್ಯ. ಅದು ಕರುಳಿನ ಗೋಡೆಯನ್ನು ಕೆಡಹುವುದಿಲ್ಲ, ಗೋಡೆಯ ನಡತೆಯನ್ನು ಕೆಡಿಸುತ್ತದೆ ಎಂಬ ಅರಿವಿಗೆ ಇದು ದಾರಿಯಾಯಿತು. ಅದೇ ಕಾಲದಲ್ಲಿ ಬ್ಯಾಂಕಾಕಿನ ರೋಗಿಗಳನ್ನು ಪರೀಕ್ಷಿಸಿದ ಯೂಜೀನ್ ಗ್ಯಾಂಗರೋಸಾ ಮತ್ತು ಸಂಗಡಿಗರು ಕರುಳಿನ ಒಳಪೊರೆಯು ಇಡಿಯಾಗಿಯೇ ಉಳಿದಿರುವುದನ್ನು ಕಂಡರು. ಇಂಥ ಮಹತ್ತ್ವದ ಶೋಧಕ್ಕೆ ಡೇ ಅವರಿಗೆ ಸ್ವದೇಶದಲ್ಲಿ ದೊರೆತ ಮನ್ನಣೆ ಅತ್ಯಲ್ಪ. ಅವರು 1985ರಲ್ಲಿ ದಿವಂಗತರಾದರು. 1990ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯು ಅವರ ಕಾರ್ಯವನ್ನು ಕುರಿತು ವಿಶೇಷ ಸಂಚಿಕೆಯೊಂದನ್ನು ಹೊರತಂದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು.

ಗೋಡೆಯು ಇಡಿಯಾಗಿದ್ದರೆ ಅದರಲ್ಲಿ ಬಾಗಿಲೂ ಇರಲೇಬೇಕು. ಆ ಬಾಗಿಲನ್ನು ತೋರಿಸಿದವನು ಜೀವರಸಾಯನ ಶಾಸ್ತ್ರಜ್ಞನಾದ ರಾಬರ್ಟ್ ಕ್ರೇನ್. 1960ರಲ್ಲಿ ಪ್ರಾಗ್ ನಗರದ ಗೋಷ್ಠಿಯೊಂದರಲ್ಲಿ ಅವನು, ಸಣ್ಣ ಕರುಳಿನ ಕೋಶಗಳು ಗ್ಲೂಕೋಸ್ ಮತ್ತು ಸೋಡಿಯಂಗಳನ್ನು ಜೊತೆಜೊತೆಯಾಗಿ ಒಳಕ್ಕೆ ಒಯ್ಯುತ್ತವೆಯೆಂಬ ಸಿದ್ಧಾಂತವನ್ನು ಮಂಡಿಸಿದನು. ಉಪ್ಪಿನಲ್ಲಿರುವ ಸೋಡಿಯಂ ಒಂಟಿಯಾಗಿ ಬಂದರೆ ಕಾಲರಾ ಪೀಡಿತ ಕರುಳು ಅದನ್ನು ಸರಿಯಾಗಿ ಬರಮಾಡಿಕೊಳ್ಳದು. ಸಕ್ಕರೆಯ ಕೈಹಿಡಿದು ಬಂದರೆ ಬೇರೊಂದು ಬಾಗಿಲು ಅದಕ್ಕೆ ತೆರೆಯುತ್ತದೆ. ಅವೆರಡೂ ಒಳಹೊಕ್ಕ ಮೇಲೆ ನೀರು ತಾನಾಗಿ ಹಿಂಬಾಲಿಸುತ್ತದೆ. ಕಾಲರಾದ ವಿಷವು ಈ ಎರಡನೆಯ ಬಾಗಿಲನ್ನು ಮುಚ್ಚಲಾರದು. ಸಕ್ಕರೆಯನ್ನು ಇಲ್ಲಿ ಬೆರೆಸುವುದು ರುಚಿಗಾಗಿ ಅಲ್ಲ, ಶಕ್ತಿಗಾಗಿಯೂ ಅಲ್ಲ. ಉಪ್ಪನ್ನು ಒಳಗೆ ಕರೆದೊಯ್ಯಲೆಂದು. ಆದ್ದರಿಂದಲೇ ಎರಡರ ಪ್ರಮಾಣವೂ ಹದವಾಗಿರಬೇಕು. ಸಕ್ಕರೆ ಅತಿಯಾದರೆ ಕರುಳಿನೊಳಗೆ ನೀರು ಮತ್ತಷ್ಟು ಸೇರಿ ಭೇದಿ ಹೆಚ್ಚುತ್ತದೆ. ಉಪ್ಪು ಅತಿಯಾದರೆ ಮಗುವಿನ ಪ್ರಾಣಕ್ಕೇ ಅಪಾಯ.

ಶಾಸ್ತ್ರವು ಈ ಕಾರಣವನ್ನು ಕಾಣುವುದಕ್ಕೆ ಮೊದಲೇ ಅನುಭವವು ಕಾರ್ಯವನ್ನು ಕಂಡಿದ್ದಿತೆಂಬುದು ಗಮನಾರ್ಹ. ಕಲ್ಕತ್ತೆಯ ಡಾ|| ಹೇಮೇಂದ್ರನಾಥ ಚಟರ್ಜಿಯವರು 1953ರಲ್ಲಿ, ತೀವ್ರವಲ್ಲದ ಕಾಲರಾದ 186 ರೋಗಿಗಳಿಗೆ ಗ್ಲೂಕೋಸ್ ಮತ್ತು ಉಪ್ಪನ್ನು ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಗುಣಪಡಿಸಿದುದನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಭೇದಿಯನ್ನು ತಡೆಯಲು ಅವರು ಉಪಯೋಗಿಸಿದುದು ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ದೊಡ್ಡಪತ್ರೆಯ ರಸವನ್ನು. ಆದರೆ ವಿದ್ವತ್‌ಲೋಕವು ಈ ವರದಿಯನ್ನು ಕಣ್ಣೆತ್ತಿ ನೋಡಲಿಲ್ಲ. ಅದರಲ್ಲಿ ತುಲನಾತ್ಮಕ ಪ್ರಯೋಗದ ಕಟ್ಟುನಿಟ್ಟು ಇರಲಿಲ್ಲವೆಂಬುದು ನಿಜ. ಆದರೆ ಲೋಪವನ್ನು ತುಂಬಿ ಪರೀಕ್ಷಿಸಿ ನೋಡುವ ಕುತೂಹಲವೂ ಯಾರಿಗೂ ಹುಟ್ಟಲಿಲ್ಲವೆಂಬುದು ಅಷ್ಟೇ ನಿಜ.

ಅಮೆರಿಕದ ನೌಕಾದಳದ ವೈದ್ಯ ರಾಬರ್ಟ್ ಫಿಲಿಪ್ಸ್ 1962ರಲ್ಲಿ ಫಿಲಿಪ್ಪೀನ್ಸಿನಲ್ಲಿ, ಗ್ಲೂಕೋಸ್ ಕೂಡಿದ ಲವಣದ್ರಾವಣವನ್ನು ಕಾಲರಾ ರೋಗಿಯ ಕರುಳು ಹೀರಿಕೊಳ್ಳುವುದನ್ನು ಕಂಡನು. ಆದರೆ ಮುಂದಿನ ಪ್ರಯೋಗದಲ್ಲಿ ದ್ರಾವಣದ ಪ್ರಮಾಣಗಳು ಸರಿಹೊಂದದೆ ಕೆಲವು ರೋಗಿಗಳು ಸತ್ತರು. ಅವನು ಎದೆಗುಂದಿ ಆ ದಾರಿಯನ್ನು ಬಿಟ್ಟನು. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನ್ಯಾಲಿನ್, ರಿಚರ್ಡ್ ಕ್ಯಾಷ್ ಎಂಬ ತರುಣ ವೈದ್ಯರೂ ಅವರ ಬಂಗಾಳಿ ಸಹೋದ್ಯೋಗಿಗಳಾದ ರಫೀಕುಲ್ ಇಸ್ಲಾಂ, ಮಜೀದ್ ಮೊಲ್ಲಾ ಅವರೂ ಕೂಡಿ ಸರಿಯಾದ ಹದವನ್ನು ಕಂಡುಕೊಂಡರು. ರೋಗಿಯಿಂದ ಹೊರಹೋದ ದ್ರವವನ್ನು ಅಳೆದು ಅಷ್ಟನ್ನೇ ಕುಡಿಸುತ್ತ ಹೋದಾಗ, ರಕ್ತನಾಳದ ಮೂಲಕ ಕೊಡಬೇಕಾದ ದ್ರಾವಣದಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಉಳಿತಾಯವಾಯಿತು. ಅದೇ ಸುಮಾರಿಗೆ ಕಲ್ಕತ್ತೆಯಲ್ಲಿ ನಥಾನಿಯಲ್ ಪಿಯರ್ಸ್ ಮತ್ತು ಸಂಗಡಿಗರೂ ಇದೇ ನಿರ್ಣಯಕ್ಕೆ ಬಂದರು. ಆದರೂ ಇದೆಲ್ಲ ಆಸ್ಪತ್ರೆಯ ಗೋಡೆಗಳೊಳಗೆ, ನುರಿತ ವೈದ್ಯರ ಕಣ್ಗಾವಲಿನಲ್ಲಿ ನಡೆದ ಕೆಲಸ. ಸಾಮಾನ್ಯರ ಕೈಗೆ ಇದನ್ನು ಒಪ್ಪಿಸಬಹುದೆಂದು ಹೇಳುವ ಧೈರ್ಯ ಬಹುಮಂದಿಗೆ ಇರಲಿಲ್ಲ.

ಬನಗಾಂವ್, 1971

ಆ ಧೈರ್ಯವನ್ನು ತಂದುಕೊಟ್ಟುದು ಒಂದು ಮಹಾವಿಪತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆದ ಹಿಂಸಾಚಾರದಿಂದ ಸುಮಾರು ಒಂದು ಕೋಟಿ ಜನರು ಗಡಿಯನ್ನು ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯ ಊರಾದ ಬನಗಾಂವಿನ ಸುತ್ತಲಿನ ಶಿಬಿರಗಳಲ್ಲಿಯೇ ಲಕ್ಷಾಂತರ ಜನರು ತುಂಬಿಕೊಂಡರು. ಮಳೆಗಾಲ ಬಂದಿತು, ಕಾಲರಾ ಹಬ್ಬಿತು. ಕಲ್ಕತ್ತೆಯ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಡಾ|| ದಿಲೀಪ್ ಮಹಲನೋಬಿಸ್ ಅವರು ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿಗೆ ಹೋದರು. 1934ರಲ್ಲಿ ಕಿಶೋರಗಂಜದಲ್ಲಿ ಹುಟ್ಟಿದ ಅವರಿಗೆ ಈ ನಿರಾಶ್ರಿತರು ತಮ್ಮ ಹುಟ್ಟುನಾಡಿನವರೇ ಆಗಿದ್ದರು.

ಬನಗಾಂವಿನ ಆಸ್ಪತ್ರೆಯ ಕೊಠಡಿಗಳಲ್ಲಿ ರೋಗಿಗಳು ನೆಲದ ಮೇಲೆ ಒತ್ತೊತ್ತಾಗಿ ಬಿದ್ದಿದ್ದರು. ಅವರಿಗೆ ಸೂಜಿಯನ್ನು ಚುಚ್ಚಬೇಕಾದರೆ ಮಲ ವಾಂತಿಗಳ ನಡುವೆ ಮೊಣಕಾಲೂರಬೇಕಾಗಿತ್ತು. ರಕ್ತನಾಳಕ್ಕೆ ಹನಿಸುವ ದ್ರಾವಣವು ಬೇಗನೆ ಮುಗಿಯುತ್ತ ಬಂದಿತು. ಅದನ್ನು ಕೊಡಲು ಕಲಿತವರೂ ಬೆರಳೆಣಿಕೆಯವರು. ಎರಡೇ ದಿನಗಳಲ್ಲಿ ಮಹಲನೋಬಿಸ್ ಅವರಿಗೆ ಈ ಯುದ್ಧದಲ್ಲಿ ತಾವು ಸೋಲುತ್ತಿರುವುದು ಮನವರಿಕೆಯಾಯಿತು. ಆಗ ಅವರು ಒಂದು ನಿರ್ಧಾರವನ್ನು ಕೈಗೊಂಡರು. ಅತಿ ನಿತ್ರಾಣರಾದವರಿಗೆ ಮಾತ್ರ ಸೂಜಿಯ ದ್ರಾವಣವನ್ನು ಮೀಸಲಿಟ್ಟು, ಉಳಿದವರಿಗೆಲ್ಲ ಬಾಯಿಯ ದ್ರಾವಣವನ್ನೇ ಕೊಡುವುದು. ಕುಡಿಸುವ ಕೆಲಸವನ್ನು ರೋಗಿಯ ತಾಯಿಗೆ, ಹೆಂಡತಿಗೆ, ಅಣ್ಣತಮ್ಮಂದಿರಿಗೆ ಒಪ್ಪಿಸುವುದು.

ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಅಡಿಗೆ ಸೋಡ: ಇದೇ ಅವರ ಯೋಗ. ಈ ವಸ್ತುಗಳನ್ನು ಕಲ್ಕತ್ತೆಯಲ್ಲಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಬಾಯನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆದು ಶಿಬಿರಕ್ಕೆ ಕಳುಹಿಸುತ್ತಿದ್ದರು. ಒಂದು ಲೀಟರಿಗೆ ತಗಲುತ್ತಿದ್ದ ವಸ್ತುಗಳ ಬೆಲೆ 11 ಪೈಸೆ. ನಲ್ಲಿಯಿದ್ದ ಪೀಪಾಯಿಗಳಲ್ಲಿ ಬೆರೆಸಿಟ್ಟ ದ್ರಾವಣವನ್ನು ಬಂಧುಗಳು ಲೋಟಗಳಲ್ಲಿ ಹಿಡಿದು ಒಯ್ದು ರೋಗಿಗಳಿಗೆ ಕುಡಿಸಿದರು. 'ಸಲೈನ್' ಎಂದರೆ ಪ್ರಾಣವನ್ನುಳಿಸುವ ಮದ್ದೆಂದು ಜನರು ಕೇಳಿ ಬಲ್ಲವರಾಗಿದ್ದರು. ಆದ್ದರಿಂದ ಇದನ್ನು 'ಬಾಯಿಯ ಸಲೈನ್' ಎಂದು ಕರೆದು ಅವರ ವಿಶ್ವಾಸವನ್ನು ಗಳಿಸಲಾಯಿತು. ಬೆರೆಸುವ ವಿಧಾನವನ್ನು ತಿಳಿಸುವ ಕರಪತ್ರಗಳನ್ನು ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾದೇಶದ ಗುಪ್ತ ಆಕಾಶವಾಣಿಯೂ ಅದನ್ನು ಸಾರಿತು. ಸುಮಾರು ಎರಡು ತಿಂಗಳುಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ರೋಗಿಗಳಿಗೆ ಈ ಚಿಕಿತ್ಸೆಯಾಯಿತು. ನೂರಕ್ಕೆ ಮೂವತ್ತರ ಸಮೀಪದಲ್ಲಿದ್ದ ಸಾವಿನ ಪ್ರಮಾಣವು ಅವರ ಆಸ್ಪತ್ರೆಯಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು.

ಲಾಟನು ಚಿಕಿತ್ಸೆ ಕೊಟ್ಟ ಆ ವೃದ್ಧೆಯ ಪ್ರಶ್ನೆಗೆ ನೂರಮೂವತ್ತೊಂಬತ್ತು ವರ್ಷಗಳ ಅನಂತರ ಬನಗಾಂವಿನ ನೆಲದ ಮೇಲೆ ಉತ್ತರ ದೊರೆಯಿತು. ಇರುಳೆಲ್ಲ ಎದ್ದು ಕುಳಿತು ಗುಟುಕು ಗುಟುಕಾಗಿ ಕುಡಿಸಬಲ್ಲವಳು ತಾಯಿ. ಅವಳಿಗಿಂತ ಮೇಲಾದ ಶುಶ್ರೂಷಕಿ ಎಲ್ಲಿಯೂ ಇಲ್ಲ. ಆದರೂ ವಿದ್ವತ್‌ಲೋಕವು ಕೂಡಲೇ ತಲೆಬಾಗಲಿಲ್ಲ. ಮಹಲನೋಬಿಸ್ ಅವರ ಪ್ರಬಂಧವು ಮೊದಲು ತಿರಸ್ಕೃತವಾಗಿ 1973ರಲ್ಲಿ ಪ್ರಕಟವಾಯಿತು. ಬನಗಾಂವನ್ನು ಕಣ್ಣಾರೆ ಕಂಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಡಾ|| ಧೀಮಾನ್ ಬರುವಾ ಅವರು ಈ ವಿಧಾನದ ಪರವಾಗಿ ಅವಿರತವಾಗಿ ವಾದಿಸಿದರು. 1978ರಲ್ಲಿ ಆ ಸಂಸ್ಥೆಯು ಅತಿಸಾರ ನಿಯಂತ್ರಣದ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿತು. ಚಟರ್ಜಿಯವರ ವರದಿಯನ್ನು ಪ್ರಕಟಿಸಿದ್ದ 'ಲ್ಯಾನ್ಸೆಟ್' ಪತ್ರಿಕೆಯೇ ಅದೇ ವರ್ಷ, ಸಕ್ಕರೆ ಮತ್ತು ಲವಣಗಳ ಈ ಸಂಬಂಧದ ಶೋಧವು ಶತಮಾನದ ಅತ್ಯಂತ ಮಹತ್ತ್ವದ ವೈದ್ಯಕೀಯ ಪ್ರಗತಿಯಾಗಬಹುದೆಂದು ಸಂಪಾದಕೀಯದಲ್ಲಿ ಅಭಿಪ್ರಾಯಪಟ್ಟಿತು.

ಚಿಟಿಕೆ ಉಪ್ಪು, ಹಿಡಿ ಬೆಲ್ಲ

ಪೊಟ್ಟಣವು ಸಿದ್ಧವಾಯಿತು, ಆದರೆ ಪೊಟ್ಟಣವೂ ತಲುಪದ ಹಳ್ಳಿಗಳ ಗತಿಯೇನು? ಈ ಪ್ರಶ್ನೆಯನ್ನು ಎತ್ತಿಕೊಂಡುದು ಬಾಂಗ್ಲಾದೇಶದಲ್ಲಿ ಫಜ್ಲೆ ಹಸನ್ ಅಬೇದ್ ಅವರು ಕಟ್ಟಿದ 'ಬ್ರಾಕ್' ಎಂಬ ಸೇವಾಸಂಸ್ಥೆ. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ಮನೆಮನೆಗೂ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪನ್ನೂ ಒಂದು ಹಿಡಿ ಬೆಲ್ಲವನ್ನೂ ಅರ್ಧ ಸೇರು ನೀರಿನಲ್ಲಿ ಕರಗಿಸುವ ವಿಧಾನವನ್ನು ತಾಯಂದಿರಿಗೆ ಕಲಿಸಿದರು. ಅಕ್ಷರವನ್ನರಿಯದ ತಾಯಂದಿರಿಗೆ ಹತ್ತು ಅಂಶಗಳನ್ನು ಬಾಯಿಪಾಠ ಮಾಡಿಸಿದರು. ಕೆಲವು ದಿನಗಳ ಮೇಲೆ ಪರೀಕ್ಷಕರು ಹೋಗಿ ಅದೇ ತಾಯಂದಿರನ್ನು ಪ್ರಶ್ನಿಸುತ್ತಿದ್ದರು. ಅವರು ಎಷ್ಟನ್ನು ನೆನಪಿಟ್ಟಿದ್ದಾರೆಂಬುದನ್ನು ನೋಡಿ ಕಲಿಸಿದವಳ ಸಂಬಳವು ನಿರ್ಧಾರವಾಗುತ್ತಿತ್ತು. ಕಲಿಯುವವರ ಅರಿವಿಗೆ ಕಲಿಸುವವರನ್ನು ಹೊಣೆ ಮಾಡಿದ ಈ ಕ್ರಮವು ವಿದ್ಯಾಲಯಗಳಿಗೂ ಮೇಲ್ಪಂಕ್ತಿಯಾಗತಕ್ಕದ್ದು.

ಆದರೆ ಆರಂಭದಲ್ಲಿ ಒಂದು ವಿಚಿತ್ರವು ಕಂಡುಬಂದಿತು. ತಾಯಂದಿರು ಪಾಠವನ್ನು ಚೆನ್ನಾಗಿ ಒಪ್ಪಿಸುತ್ತಿದ್ದರು. ಮಗುವಿಗೆ ಭೇದಿಯಾದಾಗ ಮಾತ್ರ ದ್ರಾವಣವನ್ನು ಕೊಡುತ್ತಿರಲಿಲ್ಲ. ವಿಚಾರಿಸಿದಾಗ, ಕಲಿಸಲು ಹೋದ ಕಾರ್ಯಕರ್ತೆಯರಲ್ಲಿಯೇ ಅನೇಕರಿಗೆ ಅದರಲ್ಲಿ ನಂಬಿಕೆಯಿಲ್ಲವೆಂಬುದು ಹೊರಬಿದ್ದಿತು; ತಮಗೆ ಭೇದಿಯಾದಾಗ ಅವರು ಮಾತ್ರೆಗಳನ್ನು ನುಂಗುತ್ತಿದ್ದರು. ನುಡಿಯೊಳಗಾಗಿ ನಡೆಯದವರ ಬೋಧೆಯು ಎದೆಗೆ ನಾಟದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸಂಸ್ಥೆಯು ಅವರನ್ನು ಢಾಕಾದ ಆಸ್ಪತ್ರೆಗೆ ಕರೆತಂದು ಚಿಕಿತ್ಸೆಯ ಫಲವನ್ನು ಕಣ್ಣಾರೆ ತೋರಿಸಿತು. ಮನೆಯ ಗಂಡಸರಿಗೂ ವಿಷಯವನ್ನು ತಿಳಿಸುವ ಏರ್ಪಾಡು ಮಾಡಿತು. ಹತ್ತು ವರ್ಷಗಳಲ್ಲಿ ಈ ಪಾಠವು ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿತು.

ಶಾಸ್ತ್ರದ ಶೋಧನೆಯೂ ನಿಲ್ಲಲಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದ್ರಾವಣದ ಸಾಂದ್ರತೆಯನ್ನು ತಗ್ಗಿಸಿ ಹೊಸ ಯೋಗವನ್ನು ವಿಧಿಸಿತು. ಅದರಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತವೆ. 2004ರಿಂದ ಇದರೊಡನೆ ಹತ್ತರಿಂದ ಹದಿನಾಲ್ಕು ದಿನಗಳ ಕಾಲ ಸತುವಿನ ಔಷಧವನ್ನೂ ಮಕ್ಕಳಿಗೆ ಕೊಡಬೇಕೆಂದು ಸೂಚಿಸಲಾಗಿದೆ. 1980ರ ಸುಮಾರಿನಲ್ಲಿ ಲೋಕದಲ್ಲಿ ಅತಿಸಾರದಿಂದ ಪ್ರತಿವರ್ಷ 46 ಲಕ್ಷ ಮಕ್ಕಳು ಸಾಯುತ್ತಿದ್ದರೆಂಬ ಅಂದಾಜಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಕೊಟ್ಟ ಲೆಕ್ಕದಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಸಂಖ್ಯೆಯು ಸುಮಾರು 4.4 ಲಕ್ಷ. ಶುದ್ಧವಾದ ನೀರು, ಶೌಚವ್ಯವಸ್ಥೆ, ಪೌಷ್ಟಿಕ ಆಹಾರ, ಲಸಿಕೆಗಳು ಇವೆಲ್ಲಕ್ಕೂ ಈ ಇಳಿಕೆಯಲ್ಲಿ ಪಾಲಿದೆ. ಆದರೂ ಉಪ್ಪು-ಸಕ್ಕರೆಯ ನೀರಿನ ಪಾಲು ಬಹು ದೊಡ್ಡದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ನುಡಿಯದೆ ಉಳಿದ ಮಾತು

ಇಷ್ಟಾದ ಮೇಲೂ 4.4 ಲಕ್ಷ ಮಕ್ಕಳು ಏಕೆ ಸಾಯಬೇಕು? ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ, ಭೇದಿಯಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 61 ಮಂದಿಗೆ ಮಾತ್ರ ಓ.ಆರ್.ಎಸ್. ಪೊಟ್ಟಣದ ದ್ರಾವಣವು ದೊರೆತಿದೆ. ಪೊಟ್ಟಣವು ಅಗ್ಗವಾಗಿದೆ, ವೈದ್ಯರು ಅದರ ಗುಣವನ್ನು ಬಲ್ಲರು. ಹಾಗಿದ್ದೂ ಅವರು ಅದನ್ನು ಬರೆದುಕೊಡದೆ ಬೇಡದ ಜೀವಿನಿರೋಧಕ ಔಷಧಗಳನ್ನು ಬರೆದುಕೊಡುವುದೇಕೆ? 2024ರ ಫೆಬ್ರುವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಪ್ರಶ್ನೆಗೆ ಉತ್ತರವನ್ನು ಅರಸಿತು. ಅದರ ಕ್ಷೇತ್ರವು ನಮ್ಮ ಕರ್ನಾಟಕ ಮತ್ತು ಬಿಹಾರ ರಾಜ್ಯಗಳಾಗಿದ್ದುದರಿಂದ ಅದು ನಮಗೆ ಇನ್ನಷ್ಟು ಹತ್ತಿರದ ಸಂಗತಿಯಾಗಿದೆ.

ಜಕಾರಿ ವ್ಯಾಗ್ನರ್, ಮನೋಜ್ ಮೋಹನನ್, ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಅರ್ನಬ್ ಮುಖರ್ಜಿ ಮೊದಲಾದವರು ಕೂಡಿ ನಡೆಸಿದ ಈ ಅಧ್ಯಯನದಲ್ಲಿ, ಎರಡು ವರ್ಷದ ಮಗುವಿಗೆ ಭೇದಿಯಾಗಿದೆಯೆಂದು ಹೇಳುವ ಪಾತ್ರಧಾರಿಗಳು 253 ಪಟ್ಟಣಗಳ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ಹೋದರು. ಕೆಲವರು ಏನನ್ನೂ ಕೇಳಲಿಲ್ಲ, ಕೆಲವರು ಓ.ಆರ್.ಎಸ್. ಬೇಕೆಂಬ ಇಚ್ಛೆಯನ್ನು ತೋರಿದರು. ಔಷಧದ ದಾಸ್ತಾನು ಇಲ್ಲದಿರುವುದು ಕಾರಣವೋ ಎಂದು ಪರೀಕ್ಷಿಸಲು ಕೆಲವು ಚಿಕಿತ್ಸಕರಿಗೆ ಪೊಟ್ಟಣಗಳನ್ನು ಮುಂಚಿತವಾಗಿ ಒದಗಿಸಲಾಗಿತ್ತು. ಲಾಭದಾಸೆಯು ಕಾರಣವೋ ಎಂದು ತಿಳಿಯಲು, ಔಷಧವನ್ನು ಬೇರೆಡೆಯಲ್ಲಿ ಕೊಳ್ಳುವೆನೆಂದು ಕೆಲವರಿಂದ ಹೇಳಿಸಲಾಯಿತು. ದಾಸ್ತಾನಿನ ಕೊರತೆ ಮತ್ತು ಲಾಭದಾಸೆಗಳು ಈ ಲೋಪದಲ್ಲಿ ಕ್ರಮವಾಗಿ ನೂರಕ್ಕೆ 6 ಮತ್ತು 5ರಷ್ಟಕ್ಕೆ ಮಾತ್ರ ಕಾರಣವೆಂದು ತಿಳಿದುಬಂದಿತು. ನೂರಕ್ಕೆ 42ರಷ್ಟಕ್ಕೆ ಕಾರಣವಾದುದು ಚಿಕಿತ್ಸಕರ ಒಂದು ತಪ್ಪು ಕಲ್ಪನೆ: ಬಂದವರಿಗೆ ಈ ಪುಡಿಯ ಪೊಟ್ಟಣವು ಬೇಕಾಗಿಲ್ಲ, ಅವರು ದೊಡ್ಡ ಔಷಧವನ್ನೇ ಬಯಸುತ್ತಾರೆ ಎಂಬ ಕಲ್ಪನೆ. ಓ.ಆರ್.ಎಸ್. ಬೇಕೆಂದು ಸೂಚಿಸಿದಾಗ ಅದನ್ನು ಕೊಟ್ಟವರ ಪ್ರಮಾಣವು ನೂರಕ್ಕೆ 27ರಷ್ಟು ಹೆಚ್ಚಿತು.

ಈ ಫಲಿತಾಂಶವನ್ನು ಎಷ್ಟು ಮನನ ಮಾಡಿದರೂ ತೀರದು. ವೈದ್ಯನು ಬಲ್ಲನು, ತಾಯಿಯೂ ಒಳಗೊಳಗೆ ಬಲ್ಲಳು. ತಾನು ಬಲ್ಲುದನ್ನು ಕೊಟ್ಟರೆ ಇವಳು ಅಗ್ಗವೆಂದು ಬಗೆದಾಳೆಂದು ಅವನು ಅಂಜುತ್ತಾನೆ. ತಾನು ಕೇಳಿದರೆ ಅಧಿಕಪ್ರಸಂಗವಾದೀತೆಂದು ಇವಳು ಸುಮ್ಮನಿರುತ್ತಾಳೆ. ಇಬ್ಬರ ಮೌನದ ನಡುವೆ ಮಗುವು ಒಣಗುತ್ತದೆ. 1832ರಲ್ಲಿ ವಿದ್ಯೆಯ ಕೊರತೆಯಿದ್ದಿತು. 1953ರಲ್ಲಿ ವಿಶ್ವಾಸದ ಕೊರತೆಯಿದ್ದಿತು. ಇಂದು ಕೊರತೆಯಾಗಿರುವುದು ಒಂದು ಮಾತು.

ಆ ಮಾತನ್ನು ಆಡುವುದು ನಮ್ಮ ಕೈಯಲ್ಲಿದೆ. ಭೇದಿಯಾದ ಮಗುವಿಗೆ ಅನ್ನ ನೀರುಗಳನ್ನು ನಿಲ್ಲಿಸಬೇಕೆಂಬ ಹಳೆಯ ಭಾವನೆಯನ್ನು ಬಿಡಬೇಕು; ಎದೆಹಾಲನ್ನೂ ಎಂದಿನ ಆಹಾರವನ್ನೂ ಮುಂದುವರಿಸಬೇಕು. ಪೊಟ್ಟಣದ ಮೇಲೆ ಬರೆದಿರುವಷ್ಟೇ ಶುದ್ಧವಾದ ನೀರಿನಲ್ಲಿ ಪುಡಿಯನ್ನೆಲ್ಲ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣವು ಸಿಗದಿದ್ದಲ್ಲಿ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಅಳೆದು ಬೆರೆಸಬಹುದು, ಅಳತೆಯನ್ನು ಮೀರಬಾರದು. ಮಗುವು ಕುಡಿಯಲಾರದಂತಾದರೆ, ಮಂಕಾದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೆಸರಿನಲ್ಲಿ ಓ.ಆರ್.ಎಸ್. ಎಂದು ಹೊತ್ತು, ಒಳಗೆ ಸಕ್ಕರೆಯನ್ನೇ ತುಂಬಿಕೊಂಡು ಮಾರಾಟವಾಗುತ್ತಿದ್ದ ಪಾನೀಯಗಳಿಗೆ ಆ ಹೆಸರನ್ನು ಬಳಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿದೆ. ಹದ ತಪ್ಪಿದ ಸಕ್ಕರೆಯು ಭೇದಿಯನ್ನು ಹೆಚ್ಚಿಸುತ್ತದೆಂಬುದನ್ನು ಅರಿತವರಿಗೆ ಈ ಆಜ್ಞೆಯ ಮಹತ್ತ್ವವು ಕೂಡಲೇ ಗೋಚರವಾಗುತ್ತದೆ.

ಮಹಲನೋಬಿಸ್ ಅವರು ತಮ್ಮ ಜೀವಮಾನದ ಉಳಿತಾಯದಲ್ಲಿ ಒಂದು ಕೋಟಿ ರೂಪಾಯಿಗಳನ್ನು ಕಲ್ಕತ್ತೆಯ ಮಕ್ಕಳ ಆಸ್ಪತ್ರೆಯೊಂದಕ್ಕೆ ಅರ್ಪಿಸಿ, 2022ರ ಅಕ್ಟೋಬರಿನಲ್ಲಿ ಕಾಲವಾದರು. 2023ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತಿತು. ಅವರು ಈ ದ್ರಾವಣಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲ. ಹೇಗೆ ಬೆರೆಸಬೇಕೆಂಬುದನ್ನು ಕರಪತ್ರಗಳಲ್ಲಿ ಅಚ್ಚುಮಾಡಿಸಿ ಹಂಚಿದರು. ಕಾಯಕದಿಂದ ಗಳಿಸಿದುದನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹವಾದರೆ, ಕಾಯಕದಿಂದ ಅರಿತುದನ್ನು ಎಲ್ಲರಿಗೂ ಉಣಬಡಿಸುವುದೂ ದಾಸೋಹವೇ. ಮಠಗಳ ದಾಸೋಹ ಮಂದಿರಗಳಲ್ಲಿ, ಜಾತ್ರೆ ಉತ್ಸವಗಳಲ್ಲಿ ಸಹಸ್ರಾರು ಜನರು ಕೂಡುವಲ್ಲಿ, ಅನ್ನಪ್ರಸಾದದೊಡನೆ ಈ ಅರಿವಿನ ಪ್ರಸಾದವನ್ನೂ ಹಂಚುವಂತಾದರೆ, ನಮ್ಮ ಹಳ್ಳಿಯ ತಾಯಿಯೊಬ್ಬಳು ವೈದ್ಯನ ಮುಂದೆ ನಿಂತು ತನ್ನ ಮಗುವಿಗೆ ಬೇಕಾದುದನ್ನು ಅಂಜದೆ ಕೇಳಿಯಾಳು.